ಉಪ್ಪು ನೋಡದೆ ಕರಿದ ಚಕ್ಕುಲಿ

ನಮ್ಮ ಮನೆಯಲ್ಲಿ ಕೃಷ್ಣಾಷ್ಟಮಿಯ ಚಕ್ಕುಲಿ ಕರಿಯುವ ಕೆಲಸ ನನ್ನ ಕೈಗೆ ಬಂದು ಏಳು ವರ್ಷ ಆಯಿತು. ಅದಕ್ಕೆ ಮೊದಲು ಅದು ಅಮ್ಮನ ಕೆಲಸ. ಅಮ್ಮನ ಮಣಿಕಟ್ಟಿನ ನೋವು ಜೋರಾಗಿ ಹಿತ್ತಾಳೆಯ ಚಕ್ಕುಲಿ ಒರಳನ್ನು ಒತ್ತಲು ಆಗದೇ ಹೋದ ವರ್ಷ, "ಈ ಸಲ ಅಂಗಡಿಯಿಂದ ತರುವ" ಎಂದು ನಾನು ಹೇಳಿದೆ. ಅಮ್ಮ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕಿ ನೆನೆಹಾಕಿ, ನೀರು ಬಸಿದು, ಚಾವಡಿಯಲ್ಲಿ ಬಟ್ಟೆ ಹಾಸಿ ಹರಡಿ, ಫ್ಯಾನ್ ಹಾಕಿ ನನ್ನನ್ನು ಕರೆದಳು. "ಇದು ಆರಿದ ಮೇಲೆ ಮಿಲ್ಲಿಗೆ ಕೊಂಡುಹೋಗು ಮಾಣಿ." ಮಾಣಿಗೆ ಆಗ ನಲವತ್ತು ದಾಟಿತ್ತು.

ನಾನು ಉಡುಪಿಯವ. ಕಡಿಯಾಳಿಯ ಹತ್ತಿರ ಮನೆ, ಲೆಕ್ಕಪತ್ರ ಬರೆಯುವ ಉದ್ಯೋಗ. ಉಡುಪಿಯ ಗಂಡಸರೆಲ್ಲ ಹುಟ್ಟುವಾಗಲೇ ಸೌಟು ಹಿಡಿದು ಬರುತ್ತಾರೆ ಎಂದು ಹೊರಗಿನವರು ತಿಳಿದಿರುತ್ತಾರೆ. ಹೋಟೆಲು ನಡೆಸಿದ ಹಿರಿಯರಿಂದ ನಮಗೆ ಪುಕ್ಕಟೆ ಸಿಕ್ಕಿದ ಕೀರ್ತಿ ಅದು. ನನಗೆ ಅಲ್ಲಿವರೆಗೆ ಬರುತ್ತಿದ್ದದ್ದು ಅನ್ನ, ಸಾರು, ಕಾಫಿ. ಎಣ್ಣೆಯಲ್ಲಿ ಹಪ್ಪಳ ಬಿಟ್ಟು ಬೇರೆ ಏನನ್ನೂ ಬಿಟ್ಟವನಲ್ಲ.

ಹೀಗೆ ಸುರುವಾದ ಮೇಲೆಯೇ ಅಷ್ಟಮಿಯ ಉಪವಾಸ ಎಂದರೆ ಏನು ಎಂದು ನನಗೆ ಗೊತ್ತಾದದ್ದು. ಸಣ್ಣ ಪ್ರಾಯದಿಂದ ಉಪವಾಸ ಮಾಡಿದ್ದೇನೆ, ಇಲ್ಲ ಎಂದಲ್ಲ. ಆದರೆ ಏಕಾದಶಿಯ ಉಪವಾಸದಲ್ಲಿ ಅಡುಗೆಮನೆ ಬಾಗಿಲು ಹಾಕಿದ ಹಾಗೆ. ಒಲೆ ತಣ್ಣಗಿರುತ್ತದೆ, ಪಾತ್ರೆ ಬೋರಲು ಬಿದ್ದಿರುತ್ತದೆ, ಹೊಟ್ಟೆಗೂ ಅದು ಅರ್ಥವಾಗಿ ಸುಮ್ಮನಿರುತ್ತದೆ. ಅಷ್ಟಮಿ ಹಾಗಲ್ಲ. ಮಧ್ಯರಾತ್ರಿ ಹುಟ್ಟುವ ಮಗುವಿಗೆ ಬೇಕಾಗಿ ಹಗಲಿಡೀ ಉಂಡೆ ಕಟ್ಟಬೇಕು, ಚಕ್ಕುಲಿ ಕರಿಯಬೇಕು. ಕರಿಯುವವ ನೀರೂ ಕುಡಿಯದೆ ಕರಿಯಬೇಕು.

ದಿನದ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಪ್ರತಿವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ: "ನಿಮ್ಮಲ್ಲಿ ಅಷ್ಟಮಿ ಇನ್ನೂ ಆಗಲಿಲ್ಲವಾ?" ನನ್ನ ಹೆಂಡತಿ ಮೈಸೂರಿನವಳು. ಅವಳ ತವರಿನಲ್ಲಿ ಚಾಂದ್ರಮಾನ. ಶ್ರಾವಣ ಬಹುಳ ಅಷ್ಟಮಿ ಬಂದರೆ ಅಷ್ಟಮಿ ಆಯಿತು. ಇಲ್ಲಿ ನಮಗೆ ಸೌರಮಾನ. ಸೂರ್ಯ ಸಿಂಹ ರಾಶಿಯಲ್ಲಿರಬೇಕು, ಅಂದರೆ ತುಳುವರ ಸೋಣ ತಿಂಗಳು ಬಂದಿರಬೇಕು. ಆ ತಿಂಗಳಲ್ಲಿ ಬರುವ ಕೃಷ್ಣಪಕ್ಷದ ಅಷ್ಟಮಿಯೇ ನಮ್ಮ ಜಯಂತಿ, ರೋಹಿಣಿ ನಕ್ಷತ್ರ ಕೂಡಿದರೆ ಇನ್ನೂ ವಿಶೇಷ. 2024ರಲ್ಲಿ ಎರಡೂ ಲೆಕ್ಕ ಕೂಡಿ ಬಂದು ಆಗಸ್ಟ್ 26ಕ್ಕೆ ಎಲ್ಲ ಕಡೆ ಒಟ್ಟಿಗೇ ಆಯಿತು. 2025ರಲ್ಲಿ ಆಗಸ್ಟ್ ಮಧ್ಯದಲ್ಲಿ ಅಷ್ಟಮಿ ಬಂತು, ಸಿಂಹ ಸಂಕ್ರಮಣ ಮಾತ್ರ ಅದರ ಬೆನ್ನಿಗೆ 17ಕ್ಕೆ. ಒಂದು ದಿನದ ಅಂತರದಲ್ಲಿ ನಮ್ಮ ಅಷ್ಟಮಿ ಸೆಪ್ಟೆಂಬರ್ 14ಕ್ಕೆ ಹೋಯಿತು. ಹೆಂಡತಿ ತವರಿನ ಅಭ್ಯಾಸ ಬಿಡಲಾರದೆ ಆಗಸ್ಟಿನಲ್ಲಿ ಒಂದು ಹೊತ್ತು ಬಿಟ್ಟಳು, ಸೆಪ್ಟೆಂಬರಿನಲ್ಲಿ ನಮ್ಮೊಟ್ಟಿಗೆ ಪೂರ್ತಿ ಬಿಟ್ಟಳು. "ಒಬ್ಬ ಕೃಷ್ಣನಿಗೆ ಎರಡು ಬರ್ತ್‌ಡೇ, ಉಪವಾಸ ಮಾತ್ರ ನಂಗೊಬ್ಬಳಿಗೇ ಎರಡು ಸಲ" ಎಂದು ಅವಳ ತಕರಾರು.

ಇನ್ನು ಉಪವಾಸದ ತಯಾರಿ. ನನ್ನ ಅನುಭವದಲ್ಲಿ ಹಸಿವೆಗಿಂತ ಮೊದಲು ಕಾಡುವುದು ಕಾಫಿ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹಣೆಯ ಎರಡು ಬದಿಯಲ್ಲಿ ಸುತ್ತಿಗೆ ಬಡಿಯಲು ಸುರುವಾಗುತ್ತದೆ. ಮೊದಲ ವರ್ಷಗಳಲ್ಲಿ ಅದು ಹಸಿವೆಯ ತಲೆನೋವು ಎಂದೇ ತಿಳಿದಿದ್ದೆ. ಕಾಫಿ ಕುಡಿಯದ ಹೆಂಡತಿ ಆರಾಮಾಗಿ ತಿರುಗಾಡುವುದನ್ನು ನೋಡಿದ ಮೇಲೆ ಗುಟ್ಟು ತಿಳಿಯಿತು. ಈಗ ಅಷ್ಟಮಿಗೆ ನಾಲ್ಕು ದಿನ ಮೊದಲಿನಿಂದ ಮೂರು ಲೋಟ ಎರಡಾಗುತ್ತದೆ, ಎರಡು ಒಂದಾಗುತ್ತದೆ, ಸಪ್ತಮಿಯ ದಿನ ಅರ್ಧ. ಸಪ್ತಮಿಯ ರಾತ್ರಿ ಉಪ್ಪಿನಕಾಯಿ, ಹಪ್ಪಳ ಮುಟ್ಟುವುದಿಲ್ಲ, ಮುಟ್ಟಿದರೆ ಮರುದಿನ ಬಾಯಾರಿಕೆ ಕಾಡುತ್ತದೆ. ಗಂಜಿ, ತೆಂಗಿನಕಾಯಿ ಚಟ್ನಿ, ಅಷ್ಟೇ. ಹೊಟ್ಟೆ ಬಿರಿಯ ಉಂಡರೆ ನಾಳೆಗೆ ಒದಗುತ್ತದೆ ಎನ್ನುವುದು ಭ್ರಮೆ. ಜಾಸ್ತಿ ಉಂಡ ವರ್ಷವೇ ನನಗೆ ಜಾಸ್ತಿ ಹಸಿವೆಯಾದದ್ದು.

ಉಂಡೆಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಎಳ್ಳುಂಡೆ, ಅರಳುಂಡೆ, ನೆಲಗಡಲೆ ಉಂಡೆ ನಮ್ಮಲ್ಲಿ ಕಾಯಂ. ಬೆಲ್ಲದ ಪಾಕವನ್ನು ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಟಿ ನೋಡಿದರೆ ಆಯಿತು. ಉಂಡೆ ನಿಂತಿತೋ ಪಾಕ ಸರಿ, ಕೈಗೆ ಅಂಟಿ ಹರಡಿತೋ ಇನ್ನೊಂದು ನಿಮಿಷ. ಕಟ್ಟುವಾಗ ಅಂಗೈ ಸುಡುತ್ತದೆ, ಸ್ವಲ್ಪ ತುಪ್ಪ ಸವರಿಕೊಳ್ಳಬೇಕು. ಸಿಹಿಯ ಕೆಲಸಕ್ಕೆ ಕಣ್ಣು, ಕೈ ಸಾಕು. ಬೆಲ್ಲ ಸ್ವಲ್ಪ ಹೆಚ್ಚಾದರೂ ಯಾರೂ ದೂರುವುದಿಲ್ಲ.

ಉಪ್ಪು ಹಾಗಲ್ಲವಲ್ಲ. ಉಪ್ಪಿಗೆ ಬಣ್ಣ ಇಲ್ಲ, ಪರಿಮಳ ಇಲ್ಲ, ಹಿಟ್ಟಿಗೆ ಸೇರಿದ ಮೇಲೆ ಬೆರಳಿಗೂ ಸಿಗುವುದಿಲ್ಲ. ಅದನ್ನು ನಾಲಿಗೆಯೇ ಹೇಳಬೇಕು, ಆ ದಿನ ನಾಲಿಗೆಗೆ ರಜೆ. ಇಲ್ಲಿ ಎರಡು ಕಟ್ಟು ಒಟ್ಟಿಗೆ ಬೀಳುತ್ತವೆ. ಒಂದು ಉಪವಾಸದ್ದು. ಇನ್ನೊಂದು ನೈವೇದ್ಯದ್ದು: ದೇವರಿಗೆ ಇಡುವುದನ್ನು ಮೊದಲು ನಾವು ರುಚಿ ನೋಡುವ ಹಾಗಿಲ್ಲ, ಉಪವಾಸ ಇರಲಿ ಇಲ್ಲದಿರಲಿ. ಬೇರೆ ಹಬ್ಬಗಳಲ್ಲಿ ಮಧ್ಯಾಹ್ನ ನೈವೇದ್ಯ ಆದ ಕೂಡಲೇ ಯಾರಾದರೂ ತಿಂದು ಮುಖ ಹಿಂಡಿದರೆ ಗೊತ್ತಾಗುತ್ತದೆ, ಬಡಿಸುವಾಗ ಉಪ್ಪು ಹಾಕಿದರಾಯಿತು. ಅಷ್ಟಮಿಯ ಚಕ್ಕುಲಿಯ ಗತಿ ಏನಾಯಿತು ಎಂದು ತಿಳಿಯುವುದು ಮರುದಿನ ಬೆಳಿಗ್ಗೆ. ಕರಿದ ಚಕ್ಕುಲಿಗೆ ಆಮೇಲೆ ಉಪ್ಪು ಹಾಕುವುದು ಎಲ್ಲಿಂದ?

ಮೊದಲ ವರ್ಷ ನಾನು ಹಾಕಿದ್ದು ಅಂದಾಜು. ಉಪವಾಸ ಬಿಡುವ ಪಾರಣೆಯ ದಿನ ಪಕ್ಕದ ಮನೆಯ ಹುಡುಗ ಒಂದು ಚಕ್ಕುಲಿ ಕಚ್ಚಿ, ನನ್ನ ಮುಖ ನೋಡಿ, ನೀರು ಕೇಳಿದ. ಮಾತಾಡಲಿಲ್ಲ, ಒಳ್ಳೆಯ ಹುಡುಗ.

ಎರಡನೆಯ ವರ್ಷ ಅಮ್ಮನನ್ನು ಅಡುಗೆಮನೆಯ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂರಿಸಿಕೊಂಡೆ. "ಐದು ಕುಡ್ತೆ ಹಿಟ್ಟಿಗೆ ಎಷ್ಟು ಉಪ್ಪು?" ಎಂದು ಕೇಳಿದರೆ (ಕುಡ್ತೆ ಎಂದರೆ ನಮ್ಮ ಕಡೆಯ ಒಂದು ಅಳತೆ), ಅಮ್ಮ ಕಲ್ಲುಪ್ಪಿನ ಭರಣಿಗೆ ಕೈ ಹಾಕಿ ಅಂಗೈಯಲ್ಲಿ ತೋರಿಸಿದಳು. "ಇಷ್ಟು." ನಾನು ಲೆಕ್ಕದವ. ಆ ಅಂಗೈಯ ಉಪ್ಪನ್ನು ಹೆಂಡತಿಯ ಕೇಕ್ ತಕ್ಕಡಿಯ ಮೇಲೆ ಸುರಿದೆ. 12 ಗ್ರಾಂ. "ಇನ್ನೊಮ್ಮೆ ತೆಗಿ ಅಮ್ಮ." 13. ಮತ್ತೊಮ್ಮೆ. 12. ಐವತ್ತು ವರ್ಷ ನಾಲಿಗೆಯನ್ನು ಕೇಳದೆ ಉಪ್ಪು ಹಾಕಿದ ಕೈ ಒಂದು ಗ್ರಾಂ ಆಚೀಚೆ ಹೋಗುವುದಿಲ್ಲ. ಅಮ್ಮನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವಳಿಗೆ ಆಶ್ಚರ್ಯವಾದದ್ದು ಉಪ್ಪನ್ನು ಚಿನ್ನದ ಹಾಗೆ ತೂಗುವ ಮಗ ಹುಟ್ಟಿದ್ದಕ್ಕೆ.

ಆ ದಿನವೇ ಹಳೆಯ ಲೆಡ್ಜರ್ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ಬರೆಯಲು ತೊಡಗಿದೆ. ಆ ಲೆಕ್ಕ ಹೀಗಿದೆ: ಬೆಳ್ತಿಗೆ ಅಕ್ಕಿಯ ಹಿಟ್ಟು ನಾಲ್ಕು ಕುಡ್ತೆ, ಹುರಿದ ಉದ್ದಿನ ಹಿಟ್ಟು ಒಂದು ಕುಡ್ತೆ, ಲಿಂಬೆಹುಳಿ ಗಾತ್ರದ ಬೆಣ್ಣೆ ಎರಡು, ಕಲ್ಲುಪ್ಪು 12 ಗ್ರಾಂ ನೀರಲ್ಲಿ ಕರಗಿಸಿದ್ದು, ಜೀರಿಗೆ, ಹಿಂಗಿನ ನೀರು. ಉದ್ದನ್ನು ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿಯಬೇಕು, ಪರಿಮಳ ಬಂದು ಅಲ್ಲಲ್ಲಿ ಕೆಂಪಾದರೆ ಸಾಕು. ಕಪ್ಪಾಯಿತೋ ಚಕ್ಕುಲಿ ಕಹಿ. ಹಿಟ್ಟಿನಲ್ಲಿ ನೀರು ಕಡಿಮೆಯಾದರೆ ಒರಳಿನಿಂದ ಬರುವ ಎಳೆ ತುಂಡಾಗುತ್ತದೆ, ಸುತ್ತು ಹಾಕಲಿಕ್ಕೆ ಆಗುವುದಿಲ್ಲ. ಬೆಣ್ಣೆ ಹೆಚ್ಚಾದರೆ ಎಣ್ಣೆಗೆ ಬಿಟ್ಟ ಕೂಡಲೇ ಬಿಡಿಸಿಕೊಂಡು ಪುಡಿಯಾಗುತ್ತದೆ, ಕಡಿಮೆಯಾದರೆ ಹಲ್ಲು ಹೋಗುತ್ತದೆ. ತೆಂಗಿನೆಣ್ಣೆ ಹೊಗೆಯಾಡುವಷ್ಟು ಕಾದಿದ್ದರೆ ಹೊರಗೆ ಕೆಂಪು, ಒಳಗೆ ಮೆತ್ತಗೆ. ಹಾಕಿದಾಗ ಎದ್ದ ಗುಳ್ಳೆಗಳು ಇಳಿದು ಬಾಣಲೆಯ ಸದ್ದು ಸಣ್ಣದಾಗಬೇಕು, ಆಗ ತೆಗೆಯಬೇಕು. ಅಮ್ಮ ಬಾಗಿಲಲ್ಲಿ ಕಣ್ಣು ಮುಚ್ಚಿ ಕೂತಿದ್ದರೂ "ಆಯ್ತು, ತೆಗಿ" ಎನ್ನುತ್ತಾಳೆ. ಅವಳು ಕೇಳುವುದು ಆ ಸದ್ದನ್ನು.

ಮಡಿಯ ಫಜೀತಿ ಬೇರೆ. ಸೋಣದಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಹಿಂದಿನ ದಿನ ಒಗೆದು ಒಣಹಾಕಿದ ಪಂಚೆ ಬೆಳಿಗ್ಗೆಯೂ ಹಸಿ ಹಸಿ. ಅದನ್ನೇ ಉಟ್ಟು ಒಲೆಯ ಎದುರು ನಿಂತರೆ ಅರ್ಧ ಗಂಟೆಯಲ್ಲಿ ಮೈಮೇಲೆಯೇ ಒಣಗುತ್ತದೆ. ಅದೊಂದು ಅನುಕೂಲ.

ನೀರಿನ ವಿಷಯಕ್ಕೆ ಬರುತ್ತೇನೆ. ಮೂರು ವರ್ಷ ನಾನು ನಿರ್ಜಲವೇ ಮಾಡಿದೆ. ನಾಲ್ಕನೆಯ ವರ್ಷ, ಮಧ್ಯಾಹ್ನ ಮೂರರ ಹೊತ್ತಿಗೆ, ಎರಡನೇ ಬಾಣಲೆ ಚಕ್ಕುಲಿ ಬಿಡುವಾಗ ಕಣ್ಣಿಗೆ ಕತ್ತಲೆ ಬಂದ ಹಾಗಾಯಿತು. ಗೋಡೆ ಹಿಡಿದು ನೆಲದಲ್ಲಿ ಕೂತೆ. ಹೆಂಡತಿ ಓಡಿಬಂದು ಗ್ಯಾಸ್ ಆರಿಸಿದಳು. ಏನೂ ಆಗಲಿಲ್ಲ, ಆದರೆ ಕಾದ ಎಣ್ಣೆ ನನ್ನ ಸೊಂಟದ ಮಟ್ಟದಲ್ಲಿತ್ತು, ನಾನು ಮುಂದಕ್ಕೆ ವಾಲಿದ್ದರೆ ಎಂದು ಈಗಲೂ ನೆನಪಾಗುತ್ತದೆ. ಆ ಸಂಜೆ ನಮ್ಮ ಮನೆಗೆ ಬರುವ ಭಟ್ಟರಿಗೆ ಫೋನ್ ಮಾಡಿ ಕೇಳಿದೆ. ಅವರು ನಕ್ಕರು. ವ್ರತ ಕೆಡಿಸದ ಎಂಟು ಸಂಗತಿಗಳನ್ನು ಶಾಸ್ತ್ರವೇ ಹೇಳಿದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. "ನೀರು ಪಟ್ಟಿಯಲ್ಲಿ ಮೊದಲೇ ಉಂಟು ಮಾರಾಯ್ರೆ. ಶಕ್ತಿ ಇದ್ದವರು ಬಿಡಲಿ. ಎಣ್ಣೆ ಎದುರು ನಿಲ್ಲುವವ ಕುಡಿಯಲಿ" ಎಂದರು. ಮಧ್ವಾಚಾರ್ಯರು ಜಯಂತಿಯ ಉಪವಾಸವನ್ನು ಏಕಾದಶಿಯಷ್ಟೇ ಗಟ್ಟಿಯಾಗಿ ಹಿಡಿದವರು, ಅದಕ್ಕೆಂದೇ ಒಂದು ಪುಟ್ಟ ಕೃತಿಯನ್ನೂ ಬರೆದವರು. ಹಾಗಾಗಿ ನಮ್ಮಲ್ಲಿ ಇದನ್ನು ಸಡಿಲಿಸುವುದು ಸುಲಭದ ಮಾತಲ್ಲ. ಆದರೂ ಅಂದಿನಿಂದ ನಾನು ಕರಿಯುವ ಕೆಲಸ ಮುಗಿಯುವವರೆಗೆ ನೀರು ಕುಡಿಯುತ್ತೇನೆ, ಮುಗಿದ ಮೇಲೆ ಬಿಡುತ್ತೇನೆ. ಇದು ಯಾವ ಗ್ರಂಥದಲ್ಲೂ ಇರಲಿಕ್ಕಿಲ್ಲ, ನನ್ನದೇ ಒಪ್ಪಂದ.

ಅಮ್ಮನಿಗೆ ಈಗ 78. ಬಿಪಿ ಮಾತ್ರೆ ತೆಗೆದುಕೊಳ್ಳಲೇಬೇಕು ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ಮಾತ್ರೆ ಔಷಧ, ಎಂಟರಲ್ಲಿ ಅದೂ ಒಂದು, ಅದಕ್ಕೆ ಅಮ್ಮ ಒಪ್ಪಿದಳು. "ಒಂದು ಲೋಟ ಹಾಲು ಕುಡಿ, ಅದೂ ಪಟ್ಟಿಯಲ್ಲಿ ಉಂಟಲ್ಲ" ಎಂದರೆ, "ಹಾಲು ಹೇಗೆ ಕುಡಿಯುದು, ಕ್ಷೀರವ್ರತ ಅಲ್ವಾ?" ಎಂದಳು. ಅದೂ ಹೌದು. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಮೊದಲಿನದ್ದು ತರಕಾರಿ ಬಿಡುವ ಶಾಕವ್ರತ, ಆಮೇಲೆ ಮೊಸರು ಬಿಡುವ ದಧಿವ್ರತ, ಹಾಲು ಬಿಡುವ ಕ್ಷೀರವ್ರತ, ಬೇಳೆ ಬಿಡುವ ದ್ವಿದಳವ್ರತ. ಅಷ್ಟಮಿ ಸಾಧಾರಣ ದಧಿವ್ರತದಲ್ಲಿ ಬೀಳುತ್ತದೆ. ಊರೆಲ್ಲ ಮೊಸರುಕುಡಿಕೆ ಒಡೆಯುವಾಗ ಅಮ್ಮನ ಎಲೆಯಲ್ಲಿ ಮೊಸರಿರುವುದಿಲ್ಲ. 2025ರಲ್ಲಿ ಸೆಪ್ಟೆಂಬರಿಗೆ ಹೋದ ಕಾರಣ ಕ್ಷೀರವ್ರತಕ್ಕೆ ಸಿಕ್ಕಿತು. ಕೊನೆಗೆ ಎರಡು ಬಾಳೆಹಣ್ಣಿಗೆ ರಾಜಿಯಾಯಿತು.

ಇಷ್ಟೆಲ್ಲ ಕಟ್ಟು ಹಾಕಿಕೊಂಡರೂ ಕೈ ತನ್ನ ಬುದ್ಧಿ ಬಿಡುವುದಿಲ್ಲ. 2022ರಲ್ಲಿ ಆದದ್ದನ್ನು ಹೇಳುತ್ತೇನೆ. ಸಂಜೆ ನಾಲ್ಕು ಗಂಟೆ. ಚಕ್ಕುಲಿಯ ಒಂದು ಸುತ್ತು ತುಂಡಾಗಿ ಜಾಲರಿ ಸೌಟಿನಲ್ಲೇ ಉಳಿದಿತ್ತು. ಮನಸ್ಸು ಎಲ್ಲಿತ್ತೋ ಏನೋ, ಅದನ್ನು ಎತ್ತಿ ಬಾಯಿಗೆ ಹಾಕಿದೆ. ಕಟುಂ ಎಂದು ಸದ್ದಾದ ಮೇಲೆ ಗೊತ್ತಾಯಿತು. ಅಲ್ಲಿಯೇ ಕಲ್ಲಾದೆ. ಅಮ್ಮ ಬಾಗಿಲ ಕುರ್ಚಿಯಲ್ಲಿ. ಸದ್ದು ಕೇಳುವ ಕಿವಿ ಅದು, ಕೇಳದಿರುತ್ತದೆಯೇ?

"ಉಗಿ. ಹೋಗಿ ಬಾಯಿ ತೊಳೆದು ಬಾ."

ಹಿತ್ತಿಲಿಗೆ ಹೋಗಿ ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು ಬಂದೆ. ತಲೆ ತಗ್ಗಿಸಿ ನಿಂತೆ, ಏಳನೇ ಕ್ಲಾಸಿನಲ್ಲಿ ಮಾರ್ಕ್ಸ್ ಕಾರ್ಡು ಹಿಡಿದು ನಿಂತ ಹಾಗೆ. ಅಮ್ಮ ಸ್ವಲ್ಪ ಹೊತ್ತು ಮಳೆ ನೋಡಿದಳು. "ಗೊತ್ತಿಲ್ಲದೆ ಆದದ್ದಲ್ವಾ. ದೇವರಿಗೆ ಕೈಮುಗಿ. ಆ ಬಾಣಲೆಯದ್ದನ್ನು ಬೇರೆ ಡಬ್ಬಿಗೆ ಹಾಕು, ನೈವೇದ್ಯಕ್ಕೆ ಬೇಡ. ಸೌಟನ್ನೂ ತೊಳಿ." ನಾನು ತಿರುಗಿ ಒಲೆಯ ಕಡೆ ಹೊರಟೆ. ಹಿಂದಿನಿಂದ ಸ್ವರ ತಗ್ಗಿಸಿ ಕೇಳಿದಳು:

"ಉಪ್ಪು ಸರಿ ಉಂಟಾ?"

ಸರಿ ಇತ್ತು. ಹೇಳಿದೆ. ಅಮ್ಮ ತಲೆಯಾಡಿಸಿದಳು. ಅರ್ಧ ಶತಮಾನದಲ್ಲಿ ಅಷ್ಟಮಿಯ ದಿನವೇ ಚಕ್ಕುಲಿಯ ಉಪ್ಪಿನ ಸುದ್ದಿ ಅವಳಿಗೆ ಸಿಕ್ಕಿದ್ದು ಅದೊಂದೇ ವರ್ಷ.

ಸಂಜೆ ಕೆಲಸ ಮುಗಿದ ಮೇಲೆ ನಾನು ಒಂದು ಸುತ್ತು ರಥಬೀದಿಗೆ ಹೋಗುತ್ತೇನೆ. ಮನೆಯಲ್ಲಿ ಕೂತರೆ ಕರಿದ ಪರಿಮಳ ಬಿಡುವುದಿಲ್ಲ. ಕೃಷ್ಣಮಠದಲ್ಲಿ ಅಂದು ಲಕ್ಷ ತುಳಸಿ ಅರ್ಚನೆ ಇರುತ್ತದೆ. ಒಳಗೆ ಹೋಗಿ, ಒಂಬತ್ತು ತೂತಿನ ನವಗ್ರಹ ಕಿಂಡಿಯಲ್ಲಿ ಕಡೆಗೋಲು ಹಿಡಿದ ಕೃಷ್ಣನನ್ನು ನೋಡಿ ಬರಲು ಆ ದಿನ ತಾಳ್ಮೆ ಬೇಕು, ಸಾಲು ಅಷ್ಟಿರುತ್ತದೆ. ಕೆಲವೊಮ್ಮೆ ಹೊರಗಿನಿಂದಲೇ ಕನಕನ ಕಿಂಡಿಯ ಎದುರು ಕೈಮುಗಿದು ಬರುತ್ತೇನೆ. ಬೀದಿಯ ಸುತ್ತ ನಾಳೆಯ ಮೊಸರುಕುಡಿಕೆಗೆ ಗುರ್ಜಿ, ಅಂದರೆ ಕುಡಿಕೆ ತೂಗುಹಾಕುವ ಕಂಬಗಳನ್ನು ನೆಟ್ಟಿರುತ್ತಾರೆ. ಮುದ್ದುಕೃಷ್ಣ ವೇಷದ ಮಕ್ಕಳು ನವಿಲುಗರಿ ಜಾರಿಬಿದ್ದು ಅಳುತ್ತಿರುತ್ತವೆ. ದೂರದಲ್ಲಿ ತಾಸೆಯ ಪೆಟ್ಟು ಕೇಳಿದರೆ ಹುಲಿವೇಷ ಬಂತು ಎಂದು ಲೆಕ್ಕ. ಹೊಟ್ಟೆ ಖಾಲಿ ಇರುವಾಗ ತಾಸೆಯ ಸದ್ದು ನೇರ ಹೊಟ್ಟೆಯೊಳಗೇ ಬಡಿಯುತ್ತದೆ.

ಮಲ್ಲಿಗೆ ತರುವ ಕೆಲಸವೂ ಆಗಲೇ. ಶಂಕರಪುರ ಮಲ್ಲಿಗೆಯನ್ನು ಇಲ್ಲಿ ಚೆಂಡು, ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಷ್ಟಮಿಯ ದಿನ ದರ ಕೇಳಿದ ಮೇಲೆ ಅಟ್ಟೆಯ ಆಸೆ ಬಿಟ್ಟು ಒಂದೇ ಚೆಂಡು ತಂದದ್ದು ಎಷ್ಟೋ ವರ್ಷ. ತುಳಸಿಯಂತೂ ಮನೆಯದ್ದೇ ಉಂಟು.

ರಾತ್ರಿ ಒಂಬತ್ತರಿಂದ ಹನ್ನೆರಡು. ನನ್ನ ಪ್ರಕಾರ ಅಷ್ಟಮಿ ಎಂದರೆ ಈ ಮೂರು ಗಂಟೆ. ಹಸಿವೆ ಆಗ ಇರುವುದಿಲ್ಲ, ಅದು ಸಂಜೆಯೇ ಸೋತು ಮಲಗಿರುತ್ತದೆ. ನಿದ್ದೆ ಬರುತ್ತದೆ ನೋಡಿ, ಕಣ್ಣಿಗೆ ಮರಳು ಹಾಕಿದ ಹಾಗೆ. ಹೆಂಡತಿ ದಾಸರ ಪದ ಹೇಳುತ್ತಾಳೆ. ಮಗಳು ಮೊದಲ ಪದಕ್ಕೇ ಚಾಪೆಯಲ್ಲಿ ಉರುಳುತ್ತಾಳೆ. ಅಮ್ಮ ತುಳಸಿ ಮಾಲೆ ಕಟ್ಟುತ್ತಾ ಕೂರುತ್ತಾಳೆ, ಮಣಿಕಟ್ಟು ನೋವಿದ್ದರೂ ನೂಲಿನ ಕೆಲಸ ಬಿಡುವುದಿಲ್ಲ. ಹನ್ನೊಂದಕ್ಕೆ ಎಲ್ಲರೂ ಮತ್ತೊಮ್ಮೆ ತಣ್ಣೀರು ಸ್ನಾನ. ಆಮೇಲೆ ನಿದ್ದೆ ಪತ್ತೆಯಿಲ್ಲ.

ಪೂಜೆ ದೊಡ್ಡದೇನಲ್ಲ. ಅಂಗೈಯಷ್ಟಿನ ಪಂಚಲೋಹದ ಕೃಷ್ಣ, ಮರದ ತೊಟ್ಟಿಲು, ಎದುರಿಗೆ ಉಂಡೆ, ಚಕ್ಕುಲಿ, ಅವಲಕ್ಕಿ, ಬೆಣ್ಣೆ, ಹಣ್ಣು. ಜೊತೆಗೆ ಒಂದು ಬಟ್ಟಲು ಶುಂಠಿ-ಬೆಲ್ಲ, ಅದು ಬಾಳಂತಿ ದೇವಕಿಗೆ ಎಂದು ಅಮ್ಮ ಹೇಳುತ್ತಾಳೆ. ಮಂಗಳಾರತಿ ಆಗಿ ಮಗಳನ್ನು ಎಬ್ಬಿಸಿದರೆ ಅವಳು ಅರೆಗಣ್ಣಲ್ಲಿ ಒಮ್ಮೆ ತೊಟ್ಟಿಲು ತೂಗಿ ಪುನಃ ಮಲಗುತ್ತಾಳೆ.

ಆಮೇಲೆ ಅರ್ಘ್ಯ. ಮೊದಲು ಕೃಷ್ಣನಿಗೆ, ಶಂಖದಲ್ಲಿ ನೀರು, ಹಾಲು, ಗಂಧ, ಹೂ ಇಟ್ಟು, "ಜಾತಃ ಕಂಸವಧಾರ್ಥಾಯ" ಎಂದು ತೊಡಗುವ ಮಂತ್ರ. ಅನಂತರ ಅಂಗಳಕ್ಕಿಳಿದು ತುಳಸಿಕಟ್ಟೆಯ ಹತ್ತಿರ ಚಂದ್ರನಿಗೆ. ಅಷ್ಟಮಿಯ ಚಂದ್ರ ಹುಟ್ಟುವುದೇ ನಡುರಾತ್ರಿಯ ಹೊತ್ತಿಗೆ. ನಮ್ಮ ಪೂರ್ವದಿಕ್ಕಿಗೆ ಪಕ್ಕದವರ ತೆಂಗಿನ ತೋಟ, ಆದ್ದರಿಂದ ಮೋಡ ಇಲ್ಲದಿದ್ದರೂ ಚಂದ್ರ ಗರಿಗಳ ಮೇಲೆ ಬರಲು ಇನ್ನೂ ಅರ್ಧ ಗಂಟೆ. ಎಷ್ಟೋ ವರ್ಷ ಮುಖ ನೋಡದೆ, ಗಡಿಯಾರ ನೋಡಿ, ದಿಕ್ಕು ನೋಡಿ ಬಿಟ್ಟದ್ದೇ ಹೆಚ್ಚು. ವರ್ಷಾನುಗಟ್ಟಲೆ ಬಾಯಿಪಾಠ ಹೇಳಿದ ಈ ಎರಡು ಮಂತ್ರಗಳ ಅರ್ಥವನ್ನು ನಾನು ಹುಡುಕಿದ್ದು ತೀರಾ ಈಚೆಗೆ. ಕೃಷ್ಣನನ್ನು ಕರೆಯುವಾಗ "ದೇವಕಿಯ ಸಹಿತ ಬಾ" ಎನ್ನುತ್ತೇವೆ, ಚಂದ್ರನನ್ನು ಕರೆಯುವಾಗ "ರೋಹಿಣಿಯ ಸಹಿತ" ಎನ್ನುತ್ತೇವೆ. ಇಬ್ಬರೂ ಒಬ್ಬೊಬ್ಬರೇ ಬಂದು ಹಾಲು ಕುಡಿದು ಹೋಗುವವರಲ್ಲ. ಒಬ್ಬ ಅಮ್ಮನನ್ನು ಕರಕೊಂಡು ಬರುತ್ತಾನೆ, ಒಬ್ಬ ಹೆಂಡತಿಯನ್ನು. ಇದನ್ನು ಹೇಳಿದಾಗ ಹೆಂಡತಿ, "ನೀವು ಇಬ್ಬರ ಕೈಲೂ ಬೈಸ್ಕೊಂಡು ಚಕ್ಕುಲಿ ಕರೀತೀರಲ್ಲ" ಎಂದಳು.

2025ರ ಭಾನುವಾರ ರಾತ್ರಿ ಹನ್ನೆರಡು ದಾಟಿದಾಗ ಮೋಡ ಇತ್ತು, ಮಳೆ ಇರಲಿಲ್ಲ. ಕ್ಷೀರವ್ರತದ ಮನೆಗೆ ಚಂದ್ರನಿಗಾಗಿಯೇ ತಂದ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು. ಎಲ್ಲರೂ ಮೂರು ಮೂರು ಸಲ ಬಿಟ್ಟೆವು. ಬೇಲಿಯಾಚೆ ಪಕ್ಕದ ಮನೆಯ ಅಕ್ಕನವರೂ ಅವರ ತುಳಸಿಕಟ್ಟೆಯ ಎದುರು ನಿಂತಿದ್ದರು, ಕೈಯಲ್ಲಿ ಬಿಲ್ವಪತ್ರೆ, ಎಳನೀರು. ಅವರಲ್ಲಿ ಮಂತ್ರ ಇಲ್ಲ, ಎಳನೀರು ಬಿಟ್ಟು ಸುಮ್ಮನೆ ಕೈಮುಗಿಯುತ್ತಾರೆ. ನಡುರಾತ್ರಿಯಲ್ಲಿ ಎರಡು ಅಂಗಳದವರು ಒದ್ದೆ ತಲೆಯಲ್ಲಿ ಕಾಣದ ಚಂದ್ರನ ಕಡೆ ಮುಖ ಮಾಡಿ ನಿಂತದ್ದು. "ನಿಮ್ಮದಾಯ್ತಾ?" ಎಂದರು. "ಆಯ್ತು." "ಬೆಳಿಗ್ಗೆ ಮೂಡೆ ಕಳಿಸ್ತೇನೆ" ಎಂದರು. ಮುಂಡೇವಿನ ಓಲೆಯ ಕೊಟ್ಟೆಯಲ್ಲಿ ಬೇಯಿಸಿದ, ಇಡ್ಲಿಯಂಥ ಅವರ ಮೂಡೆಗೆ ನಮ್ಮ ಚಕ್ಕುಲಿ, ಇದು ಎರಡು ಮನೆಯ ಹಳೆಯ ವ್ಯಾಪಾರ.

ಅರ್ಘ್ಯ ಬಿಟ್ಟ ಮೇಲೂ ನಮ್ಮಲ್ಲಿ ಊಟ ಇಲ್ಲ. ಪಾರಣೆ ಬೆಳಿಗ್ಗೆ. ಬೇಗ ಎದ್ದು, ಮಿಂದು, ಪೂಜೆ ಮಾಡಿ, ಮೊದಲು ತೀರ್ಥ. ಮೂವತ್ತು ಗಂಟೆ ಖಾಲಿಯಿದ್ದ ಹೊಟ್ಟೆಗೆ ಒಂದೇ ಸಲ ಕರಿದದ್ದು ಹಾಕಿದರೆ ಅದು ಸೇಡು ತೀರಿಸಿಕೊಳ್ಳುತ್ತದೆ, ನಾನು ಪಾಠ ಕಲಿತವ. ಮೊದಲು ಬಿಸಿ ಅನ್ನ, ಹೆಸರುಬೇಳೆ ತೊವ್ವೆ, ಒಂದು ಚಮಚ ತುಪ್ಪ. ನಿಧಾನ. ಅರ್ಧ ಗಂಟೆ ಬಿಟ್ಟು ಡಬ್ಬಿಯ ಮುಚ್ಚಳ ತೆಗೆಯುವುದು.

ಆ ಸೋಮವಾರ ಬೆಳಿಗ್ಗೆ ಮುಚ್ಚಳ ತೆಗೆದು ಮೊದಲ ಚಕ್ಕುಲಿಯನ್ನು ಅಮ್ಮನ ಬಟ್ಟಲಿಗೆ ಹಾಕಿದೆ. ಅಮ್ಮನ ಬಾಯಲ್ಲಿ ಈಗ ಕಚ್ಚುವ ಹಲ್ಲುಗಳಿಲ್ಲ. ಹಾಲಿಲ್ಲದ ಕಪ್ಪು ಕಾಫಿಯಲ್ಲಿ ಒಂದು ಸುತ್ತನ್ನು ಮುಳುಗಿಸಿ, ಮೆತ್ತಗಾದ ಮೇಲೆ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾನು, ಹೆಂಡತಿ, ಮಗಳು ಅವಳ ಗಲ್ಲ ಆಡುವುದನ್ನೇ ನೋಡುತ್ತಿದ್ದೆವು.

"ಉಪ್ಪು ಸರಿ ಉಂಟು. ಹಿಂಗು ಜಾಸ್ತಿ ಆಯ್ತು."

ಹಿಂಗಿಗೆ ಪರಿಮಳ ಉಂಟಲ್ಲ, ಮೂಗಿಗೆ ಗೊತ್ತಾಗಬೇಕಿತ್ತು. ಎರಡು ದಿನದಿಂದ ನೆಗಡಿಯಾಗಿತ್ತು ನನಗೆ. ಹೇಳಿದರೆ ನೆವ ಎನ್ನುತ್ತಾಳೆ ಎಂದು ಸುಮ್ಮನಾದೆ.

ಮಧ್ಯಾಹ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೊಸರುಕುಡಿಕೆಯ ಉತ್ಸವ ವಿಟ್ಲಪಿಂಡಿಗೆ ಹೋದೆ. ಚಿನ್ನದ ರಥದಲ್ಲಿ ಮಣ್ಣಿನ ಕೃಷ್ಣ, ಅದರ ಮುಂದೆ ಗೊಲ್ಲ ವೇಷದವರು ಕೋಲು ಹಿಡಿದು ಒಂದೊಂದೇ ಕುಡಿಕೆ ಒಡೆಯುತ್ತಾ ಸಾಗುತ್ತಾರೆ. ಮೇಲಿನಿಂದ ಮೊಸರು, ಬಣ್ಣದ ನೀರು. ರಥ ಬಂದ ಮೇಲೆ ಮಣ್ಣಿನ ಮೂರ್ತಿಯನ್ನು ಮಧ್ವ ಸರೋವರದಲ್ಲಿ ಬಿಡುತ್ತಾರೆ. ಮಠದಲ್ಲಿ ಲಕ್ಷದ ಲೆಕ್ಕದಲ್ಲಿ ಮಾಡಿದ ಉಂಡೆ, ಚಕ್ಕುಲಿ ಜನರ ಕೈಗೆ ಬರುತ್ತದೆ. ನೂಕುನುಗ್ಗಲಲ್ಲಿ ಮಗಳ ಕೈಗೂ ಒಂದು ಚಕ್ಕುಲಿ ಬಂತು. ಅರ್ಧ ಅವಳು ತಿಂದು ಅರ್ಧ ನನ್ನ ಬಾಯಿಗೆ ಹಾಕಿದಳು. ಲಕ್ಷ ಚಕ್ಕುಲಿಯ ಹಿಟ್ಟಿಗೂ ಯಾರೂ ನಾಲಿಗೆ ಹಚ್ಚದೆಯೇ ಉಪ್ಪು ಹಾಕಿರುತ್ತಾರಲ್ಲ, ಅಲ್ಲಿನ ಬಾಣಸಿಗರ ಅಂಗೈಯನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಬೇಕು ಅನ್ನಿಸಿತು. ಉಪ್ಪು ಸರಿ ಇತ್ತು. ಹಿಂಗೂ ಸರಿ ಇತ್ತು.

ರಾತ್ರಿ ಮನೆಗೆ ಬಂದು ಲೆಡ್ಜರ್ ತೆಗೆದೆ. 2025, ಸೆಪ್ಟೆಂಬರ್ 14. ಅಕ್ಕಿ ಹಿಟ್ಟು ಎಂಟು ಕುಡ್ತೆ, ಉದ್ದು ಎರಡು, ಉಪ್ಪು 24 ಗ್ರಾಂ, ಸರಿ. ಕೆಳಗೆ ಬರೆದೆ: ಹಿಂಗು ಅರ್ಧ ಮಾಡುವುದು. ಮೂಗು ಕಟ್ಟಿದ್ದರೆ ಅಮ್ಮನಿಂದ ಮೂಸಿಸುವುದು.